ಕಾಲು ನೋಡು, ಕೈ ಆಮೇಲೆ

ಹೆಣ್ಣುಮಕ್ಕಳ ಕಬಡ್ಡಿ: ಹೊಸ ರಸಿಕರಿಗೊಂದು ಕೈಪಿಡಿ

ರಾಯಚೂರು ಸೀಮೆಯ ದೇವದುರ್ಗದ ಕಡೆ ಕಬಡ್ಡಿ ಟೂರ್ನಮೆಂಟಿಗೆ ಎರಡು ಹೊತ್ತು. ಗಂಡುಹುಡುಗರ ಪಂದ್ಯ ರಾತ್ರಿ, ಫ್ಲಡ್‌ಲೈಟಿನ ಬೆಳಕಿನಲ್ಲಿ, ಮೈಕಿನವನ ಅಬ್ಬರದ ನಡುವೆ. ಹೆಣ್ಣುಮಕ್ಕಳ ಪಂದ್ಯ ಹಗಲು ಹನ್ನೊಂದಕ್ಕೆ, ಬಿಸಿಲು ನೆತ್ತಿ ಸುಡುವಾಗ. ಸುತ್ತ ನಿಂತವರೆಂದರೆ ಅವರ ಪಿಟಿ ಮಾಸ್ತರು, ನೀರಿನ ಕೊಡ ಕಾಯುವ ಇಬ್ಬರು ಹುಡುಗಿಯರು, ನೆರಳು ಸಿಕ್ಕಿತೆಂದು ಬೇವಿನ ಮರದ ಕೆಳಗೆ ಕೂತ ನಾಲ್ಕು ಮಂದಿ.

ನಾನು ಕಬಡ್ಡಿ ನೋಡಲು ಕಲಿತದ್ದು ಆ ನಾಲ್ವರಲ್ಲಿ ಒಬ್ಬನಾಗಿ. ಬಸ್ಸಿಗೆ ಇನ್ನೂ ಹೊತ್ತಿತ್ತು, ಅದಕ್ಕೇ ಕೂತಿದ್ದೆ. ದಾಳಿಗೆ ಬಂದ ಹುಡುಗಿ ಕೈ ಬೀಸಿದ ರೀತಿ ಕಂಡು ಚಪ್ಪಾಳೆ ತಟ್ಟಿದೆ. ಪಕ್ಕದಲ್ಲಿ ರುಮಾಲು ಸುತ್ತಿಕೊಂಡು ಕೂತಿದ್ದ ಮುತ್ಯಾ ನನ್ನ ಕಡೆ ತಿರುಗಿ, "ತಮ್ಮಾ, ಕೈ ಏನ್ ನೋಡ್ತಿ? ಕೈ ಸುಳ್ಳು ಹೇಳ್ತದ. ಕಾಲು ನೋಡು" ಅಂದರು. ಆ ಬಸ್ಸು ಹೋಯಿತು, ಅದರ ಹಿಂದಿನದೂ ಹೋಯಿತು.

ಈ ಕೈಪಿಡಿ ಮುತ್ಯಾನ ಆ ಒಂದು ಮಾತಿನ ವಿಸ್ತಾರ. ದಾರಿಗೆ ಜೊತೆಯಾಗಿ ಒಬ್ಬ ಆಟಗಾರ್ತಿಯನ್ನು ಇಟ್ಟುಕೊಳ್ಳೋಣ: ಕಾರ್ಕಳ ತಾಲ್ಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ. ಭಾರತ ತಂಡದ ಪರ ದಾಳಿಗೆ ಹೋಗುತ್ತಿದ್ದ ರೈಡರ್, ತಂಡವನ್ನು ಮುನ್ನಡೆಸಿದವರು, 2014ರ ಅರ್ಜುನ ಪ್ರಶಸ್ತಿ ಪಡೆದವರು. ಪೇಪರ್ ಓದುವವರಿಗೆ ಈ ಹೆಸರು ಗೊತ್ತು. ಆದರೆ ಅವರ ಆಟವನ್ನು ಕೂತು ನೋಡಿದವರು ನಮ್ಮಲ್ಲಿ ಎಷ್ಟು ಜನ?

ಮೊದಲು ಅಂಗಳ

ನಿಯಮದ ಪ್ರಕಾರ ಹೆಣ್ಣುಮಕ್ಕಳ ಅಂಗಳ 12 ಮೀಟರ್ ಉದ್ದ, 8 ಮೀಟರ್ ಅಗಲ. ಗಂಡಸರದು 13 ಮತ್ತು 10. ಎರಡೂ ಬದಿಗೆ ಒಂದೊಂದು ಮೀಟರ್ ಲಾಬಿ. ಯಾರಾದರೂ ಮುಟ್ಟಿ ಜಗ್ಗಾಟ ಶುರುವಾಗುವ ತನಕ ಅದು ಆಟಕ್ಕೆ ಸೇರಿದ ಜಾಗವಲ್ಲ. ಅಂದರೆ ಒಂದು ತಂಡದ ಏಳು ಜನ ನಿಂತು ಆಡುವುದು ಆರು ಮೀಟರ್ ಅಗಲ, ಆರು ಮೀಟರ್ ಆಳದ ಚೌಕದಲ್ಲಿ. ನಮ್ಮ ಕಡೆಯ ದೊಡ್ಡ ಪಡಸಾಲೆಯಷ್ಟು ಜಾಗ.

ಇಲ್ಲೇ ಮೊದಲ ಪಾಠ. ಜಾಗ ಕಿರಿದಾದಷ್ಟೂ ಆಟ ಸೂಕ್ಷ್ಮವಾಗುತ್ತದೆ. "ಹೆಂಗಸರ ಕಬಡ್ಡಿ ಗಂಡಸರದರ ಸಣ್ಣ ನಕಲು" ಎನ್ನುವವರು ಈ ಲೆಕ್ಕ ಹಾಕಿಲ್ಲ. ತಪ್ಪಿಸಿಕೊಳ್ಳಲು ಎರಡು ಹೆಜ್ಜೆ ಓಡುವ ಜಾಗದಲ್ಲಿ ಒಂದೇ ಹೆಜ್ಜೆ ಇದ್ದರೆ, ಆ ಒಂದು ಹೆಜ್ಜೆಯನ್ನು ಯಾವಾಗ, ಯಾವ ಕಾಲಲ್ಲಿ ಇಡಬೇಕು ಎಂಬುದೇ ಆಟ.

ನೆಲವನ್ನೂ ನೋಡಿ. ನಮ್ಮ ಎರೆಭೂಮಿ ಒಣಗಿದರೆ ಬಿರುಕು ಬಿಡುತ್ತದೆ, ನೆನೆದರೆ ಕಾಲಿಗೆ ಅಂಟುತ್ತದೆ. ಅದಕ್ಕೆ ಅಂಗಳ ಮಾಡುವವರು ಮಸಾರಿ ಮಣ್ಣು ಹೊಡೆಸಿ, ಕಲ್ಲು ಆರಿಸಿ, ಹಿಂದಿನ ಸಂಜೆ ನೀರು ಚಿಮುಕಿಸಿ ಕೂರಿಸುತ್ತಾರೆ. ಅಂತರರಾಷ್ಟ್ರೀಯ ಪಂದ್ಯ ನಡೆಯುವುದು ಮ್ಯಾಟ್ ಮೇಲೆ, ಕಾಲಿಗೆ ಶೂ. ಮಣ್ಣಿನಲ್ಲಿ ಬರಿಗಾಲು ತುಸು ಜಾರಿ ನಿಲ್ಲುತ್ತದೆ. ಮ್ಯಾಟ್ ಮೇಲೆ ಶೂ ಗಕ್ಕನೆ ಹಿಡಿಯುತ್ತದೆ. ಹಳ್ಳಿಯ ಅಂಗಳದಿಂದ ದೇಶದ ತಂಡಕ್ಕೆ ಹೋಗುವ ಹುಡುಗಿ ಮೊದಲು ಮರೆಯಬೇಕಾದದ್ದು ಆ ಜಾರುವಿಕೆಯನ್ನು.

ದಮ್ಮು ಮತ್ತು ಕಾಲು

ದಾಳಿಗೆ 30 ಸೆಕೆಂಡು. ಅಷ್ಟೂ ಹೊತ್ತು "ಕಬಡ್ಡಿ, ಕಬಡ್ಡಿ" ಎನ್ನುವ ಉಲಿ ಅಂಪೈರಿನ ಕಿವಿಗೆ ಬೀಳುತ್ತಿರಬೇಕು. ದಮ್ಮು ಕಡಿದರೆ ಔಟು. ಹೊಸಬರು ಉಸಿರೆಂದರೆ ಎದೆಯ ಬಲ ಅಂದುಕೊಳ್ಳುತ್ತಾರೆ. ಕಿವಿಗೊಟ್ಟು ಕೇಳಿ: ಪಳಗಿದ ರೈಡರ್ ಉಲಿ ಸಣ್ಣಗೆ, ಒಂದೇ ಲಯದಲ್ಲಿ ಸಾಗುತ್ತದೆ. ಎದುರಾಳಿಯ ಮೇಲೆ ಎರಗುವ ಕ್ಷಣದಲ್ಲೂ ಆ ಲಯ ಬದಲಾಗದು. ಲಯ ಬದಲಾದರೆ ಹಿಡಿಯುವವರಿಗೆ ಸುಳಿವು ಸಿಕ್ಕಂತೆ.

ಈಗ ಕಾಲಿಗೆ ಬನ್ನಿ. ಕೈ ಎಡಕ್ಕೆ ಬೀಸುತ್ತಿರುತ್ತದೆ, ಕಣ್ಣು ಎಡಗಡೆಯವಳ ಮೇಲೆ ನೆಟ್ಟಿರುತ್ತದೆ. ಮೈಭಾರ ಯಾವ ಕಾಲಿನ ಮೇಲಿದೆ ನೋಡಿ. ಎಡಗಾಲ ಮೇಲೆ ಭಾರ ಬಿಟ್ಟಿದ್ದರೆ ಆಕೆ ಹಾರುವುದು ಬಲಕ್ಕೆ. ಮುತ್ಯಾ ಹೇಳಿದ ಸುಳ್ಳು ಇದೇ. ಕೈ ಹೇಳಿದ್ದನ್ನು ನಂಬಿದ ಹಿಡಿತಗಾರ್ತಿ ಅರ್ಧ ಹೆಜ್ಜೆ ಎಡಕ್ಕೆ ಜರುಗಿದಳೋ, ಬಲಗಾಲ ತುದಿ ಇನ್ನೊಬ್ಬಳ ಪಾದ ಸವರಿ ವಾಪಸು ಬಂದಿರುತ್ತದೆ. ಇದು ಟೋ ಟಚ್. ಬೆನ್ನು ತಿರುಗಿಸಿದಂತೆ ಮಾಡಿ ಹಿಂದಕ್ಕೆ ಒದೆಯುವುದು ಬ್ಯಾಕ್ ಕಿಕ್. ಹೆಸರು ನೆನಪಿಡಬೇಕಿಲ್ಲ, ಭಾರ ಯಾವ ಕಾಲಲ್ಲಿ ಎಂಬ ಒಂದೇ ಪ್ರಶ್ನೆ ಇಟ್ಟುಕೊಂಡು ಹತ್ತು ದಾಳಿ ನೋಡಿ. ಹನ್ನೊಂದನೆಯದನ್ನು ನೀವೇ ಮುಂಚೆ ಹೇಳುತ್ತೀರಿ.

ಗೆರೆಯಾಚೆಗಿನ ಒಂದು ಅಂಕ

ನಡುಗೆರೆಯಿಂದ ಮೂರು ಮೀಟರಿಗೆ ಬಾಲ್ಕ್ ಲೈನು, ಅಲ್ಲಿಂದ ಒಂದು ಮೀಟರ್ ಆಚೆ ಬೋನಸ್ ಲೈನು. ಎದುರು ಆರು ಅಥವಾ ಏಳು ಜನ ಇದ್ದಾಗ ಮಾತ್ರ ಬೋನಸ್. ಒಂದು ಕಾಲು ಆ ಗೆರೆಯಾಚೆ ನೆಲ ಮುಟ್ಟಬೇಕು, ಅದೇ ಗಳಿಗೆಯಲ್ಲಿ ಇನ್ನೊಂದು ಕಾಲು ನೆಲ ಬಿಟ್ಟಿರಬೇಕು. ಯಾರನ್ನೂ ಮುಟ್ಟದೆ ಒಂದು ಅಂಕ.

ಹೊಸಬರಿಗೆ ಇದು ಕಾಣುವುದೇ ಇಲ್ಲ. ರೈಡರ್ ಸುಮ್ಮನೆ ಹೋಗಿ ಸುಮ್ಮನೆ ಬಂದಳು, ಅಂಪೈರ್ ಯಾಕೆ ಅಂಕ ಕೊಟ್ಟ ಎಂದು ಜಗಳ ತೆಗೆದವರನ್ನೂ ಕಂಡಿದ್ದೇನೆ. ನಿಜವಾಗಿ ನಡೆದದ್ದೇನು? ಏಳು ಜನರ ಬಲೆಯ ಬಾಯಿಗೆ ಆಕೆ ಒಂಟಿಕಾಲಲ್ಲಿ ನಿಂತಿದ್ದಳು. ಆ ಕ್ಷಣ ಒಬ್ಬಳು ಪಾದ ಹಿಡಿದಿದ್ದರೆ ಕತೆ ಮುಗಿಯುತ್ತಿತ್ತು. ಜನ ಚಪ್ಪಾಳೆ ತಟ್ಟದಿರುವ ಈ ಅಂಕವೇ ರಸಿಕನ ಪರೀಕ್ಷೆ.

ಹಿಡಿಯುವವರು

ಮಮತಾ ಪೂಜಾರಿಯಂಥ ರೈಡರ್ ಬಗ್ಗೆ ಮಾತಾಡುತ್ತ ಹಿಡಿಯುವವರನ್ನು ಮರೆತರೆ ಆಟದ ಅರ್ಧ ಹೋದಂತೆ. ಎರಡು ತುದಿಯಲ್ಲಿ ನಿಲ್ಲುವವರು ಕಾರ್ನರ್‌ಗಳು. ಅವರ ಕೆಲಸ ಸೊಂಟದ ಕೆಳಗೆ: ಪಾದ ಹಿಡಿಯುವ ಆಂಕಲ್ ಹೋಲ್ಡ್, ತೊಡೆ ಹಿಡಿಯುವ ಥೈ ಹೋಲ್ಡ್. ಅವರಿಗಿಂತ ಒಳಗಿನವರು ಕವರ್‌ಗಳು. ಓಡಿ ಬಂದು ಡ್ಯಾಶ್ ಹೊಡೆದು ಗೆರೆಯಾಚೆ ತಳ್ಳುವುದು, ಹಿಂದಿರುಗುವ ದಾರಿಗೆ ಅಡ್ಡ ನಿಂತು ಬ್ಲಾಕ್ ಮಾಡುವುದು ಅವರ ಪಾಲು. ಇಬ್ಬಿಬ್ಬರು ಕೈ ಕೈ ಹಿಡಿದು ನಿಲ್ಲುವುದು ಚೈನು.

ಚೈನನ್ನು ನೋಡುವ ಬಗೆ ಹೀಗೆ. ರೈಡರ್ ಕಡೆ ಹತ್ತು ಸೆಕೆಂಡು ನೋಡಲೇಬೇಡಿ. ಹಿಡಿದುಕೊಂಡ ಬೆರಳುಗಳನ್ನು ನೋಡಿ. ಒಬ್ಬಳು ಮುಂದೆ ಜರುಗಿದರೆ ಇನ್ನೊಬ್ಬಳು ಅಷ್ಟೇ ಜರುಗುತ್ತಾಳೆಯೇ? ಕೈ ಬಿಡುವ ಹೊತ್ತಿಗೆ ಬಿಡುತ್ತಾರೆಯೇ? ಒಬ್ಬಳೇ ಆತುರಪಟ್ಟು ಮುನ್ನುಗ್ಗಿದರೆ ಹಿಂದೆ ಬಾಗಿಲು ತೆರೆದಂತೆ. ಒಳ್ಳೆಯ ತಂಡದಲ್ಲಿ ಒಬ್ಬಳು ಪಾದ ಹಿಡಿದ ಸದ್ದಿಗೇ ಉಳಿದವರು ಬಂದು ಮುಚ್ಚುತ್ತಾರೆ.

ಇಲ್ಲಿ ಇನ್ನೊಬ್ಬ ಕನ್ನಡತಿಯ ಹೆಸರು ಬರಬೇಕು. ಬೆಂಗಳೂರಿನ ತೇಜಸ್ವಿನಿ ಬಾಯಿ ದಾಳಿಗೂ ಸೈ, ಹಿಡಿತಕ್ಕೂ ಸೈ ಎನಿಸಿಕೊಂಡ ಆಲ್‌ರೌಂಡರ್. ಅರ್ಜುನ ಪ್ರಶಸ್ತಿ ಅವರಿಗೆ 2011ರಲ್ಲೇ ಬಂತು. ಒಂದೇ ಭಾರತ ತಂಡದಲ್ಲಿ ಈ ಇಬ್ಬರೂ ಆಡಿದ ವರ್ಷಗಳು ಕರ್ನಾಟಕದ ಹೆಣ್ಣುಮಕ್ಕಳ ಕಬಡ್ಡಿಯ ಹೊನ್ನಿನ ಕಾಲ.

ಹೋದಾಕಿ ಬರ್ತಾಳ

ಫುಟ್‌ಬಾಲಿನಲ್ಲಿ ಕೆಂಪು ಕಾರ್ಡ್ ಬಿದ್ದರೆ ಹೋದವಳು ಹೋದಳು. ಕ್ರಿಕೆಟ್ಟಿನಲ್ಲಿ ಔಟಾದವಳು ಪ್ಯಾಡು ಬಿಚ್ಚುತ್ತಾಳೆ. ಕಬಡ್ಡಿಯಲ್ಲಿ ಔಟಾದವಳು ಗೆರೆಯ ಹೊರಗೆ ಕೂತು ಕಾಯುತ್ತಾಳೆ. ತನ್ನವರು ಎದುರಾಳಿಯೊಬ್ಬಳನ್ನು ಔಟ್ ಮಾಡಿದರೆ ಎದ್ದು ಒಳಗೆ ಬರುತ್ತಾಳೆ. ಮೊದಲು ಹೋದವಳು ಮೊದಲು. ಬೋನಸ್ ಅಂಕಕ್ಕೆ ಮಾತ್ರ ಯಾರೂ ಮರಳುವುದಿಲ್ಲ. ಇಡೀ ತಂಡ ಔಟಾದರೆ ಲೋನಾ, ಎದುರಾಳಿಗೆ ಎರಡು ಅಂಕ ಹೆಚ್ಚುವರಿ, ಮತ್ತೆ ಏಳೂ ಜನ ಒಳಗೆ.

ಆದ್ದರಿಂದ ಅಂಕದ ಹಲಗೆಯ ಜೊತೆಗೆ ತಲೆಗಳನ್ನೂ ಎಣಿಸಿ. ಅಂಕ ಸಮವಿದ್ದರೂ ಒಂದು ಕಡೆ ಏಳು, ಇನ್ನೊಂದು ಕಡೆ ಎರಡೇ ತಲೆ ಇದ್ದರೆ ಪಂದ್ಯ ಸಮವಾಗಿಲ್ಲ. ಉಳಿದ ಇಬ್ಬರು ಕೊನೆಯ ತನಕ ದಾಳಿ ಎಳೆದು ಹೊತ್ತು ಕಳೆಯುತ್ತಾರೆ, ಹೊರಗಿದ್ದವರನ್ನು ಒಬ್ಬೊಬ್ಬರಾಗಿ ಎಬ್ಬಿಸುತ್ತಾರೆ. ಮುತ್ಯಾ ಅಂಥ ಹೊತ್ತಲ್ಲಿ ಗೆರೆಯ ಹೊರಗಿನ ಹುಡುಗಿಯರಿಗೆ ಕೂಗುತ್ತಿದ್ದರು: "ಅಳಬ್ಯಾಡ್ರವಾ, ಈ ಆಟದಾಗ ಹೋದಾಕಿ ಬರ್ತಾಳ!"

ಒಂದು ಬಾಳಿನ ಲೆಕ್ಕ

ಮಮತಾ ಹೆರ್ಮುಂಡೆಯಿಂದ ಹೊರಟು, ಮಂಗಳೂರಿನಲ್ಲಿ ಕಾಲೇಜು ಓದಿ, ದಕ್ಷಿಣ ಮಧ್ಯ ರೈಲ್ವೆಯ ನೌಕರಿಗೆ ಸಿಕಂದರಾಬಾದಿಗೆ ಹೋದರು. ಹೆಣ್ಣುಮಕ್ಕಳ ಕಬಡ್ಡಿಯಲ್ಲಿ ರೈಲ್ವೆಯ ಪಾತ್ರ ದೊಡ್ಡದು: ನೌಕರಿ, ಸಂಬಳ, ಅಭ್ಯಾಸಕ್ಕೆ ರಜೆ. ಹೊಲಮನೆಯ ಹುಡುಗಿ ಮೂವತ್ತರ ತನಕ ಆಡಬೇಕೆಂದರೆ ಇಂಥದೊಂದು ಆಸರೆ ಬೇಕು. ಅದಕ್ಕೇ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ನಮ್ಮ ಎಷ್ಟೋ ಹುಡುಗಿಯರು ಕರ್ನಾಟಕದ ಎದುರೇ ರೈಲ್ವೆ ಜೆರ್ಸಿ ತೊಟ್ಟು ನಿಲ್ಲುತ್ತಾರೆ.

ಈಗ ಒಂದರ ಕೆಳಗೊಂದು ಅಂಕಿ ಬರೆದುಕೊಳ್ಳಿ. ಏಷ್ಯನ್ ಕ್ರೀಡಾಕೂಟಕ್ಕೆ ಗಂಡಸರ ಕಬಡ್ಡಿ 1990ರಲ್ಲಿ ಬಂತು, ಹೆಣ್ಣುಮಕ್ಕಳದು ಬಂದದ್ದು 20 ವರ್ಷದ ನಂತರ, 2010ರ ಗುವಾಂಗ್‌ಝೌನಲ್ಲಿ. ಫೈನಲ್ಲಿನಲ್ಲಿ ಭಾರತ 28, ಥಾಯ್ಲೆಂಡ್ 14. 2012ರಲ್ಲಿ ಪಟ್ನಾದ ಮೊದಲ ಮಹಿಳಾ ವಿಶ್ವಕಪ್: ಭಾರತ 25, ಇರಾನ್ 19. 2014ರ ಇಂಚಿಯಾನ್ ಏಷ್ಯನ್ ಕೂಟ: ಭಾರತ 31, ಇರಾನ್ 21. ಈ ಮೂರು ಚಿನ್ನವೂ ಮಮತಾ ಕೊರಳಲ್ಲಿವೆ.

ಮುಂದಿನ ಅಂಕಿಗಳು ಅವರ ಕಾಲ ಮುಗಿದ ಮೇಲಿನವು. 2018ರ ಜಕಾರ್ತಾ ಏಷ್ಯನ್ ಕೂಟ: ಇರಾನ್ 27, ಭಾರತ 24. ಬೆಂಗಳೂರಿನ ಉಷಾರಾಣಿ ಆ ತಂಡದಲ್ಲಿದ್ದರು, ಬೆಳ್ಳಿಯೊಂದಿಗೆ ಬಂದರು. ಇರಾನ್ ಹುಡುಗಿಯರಿಗೆ ಹೇಳಿಕೊಟ್ಟವರು ನಾಸಿಕದ ಶೈಲಜಾ ಜೈನ್, ಭಾರತದವರೇ. 2023ರಲ್ಲಿ ಹಾಂಗ್‌ಝೌನಲ್ಲಿ ಚಿನ್ನ ಮರಳಿತು: ಭಾರತ 26, ಚೈನೀಸ್ ತೈಪೆ 25. ಆ ಕೂಟದಲ್ಲಿ ಭಾರತದ ನೂರನೆಯ ಪದಕ ಅದು.

ಹದಿನಾಲ್ಕು ಅಂಕದ ಅಂತರ ಹದಿಮೂರು ವರ್ಷದಲ್ಲಿ ಒಂದಕ್ಕೆ ಇಳಿದಿದೆ. ನಮ್ಮವರ ಆಟ ಕೆಟ್ಟಿತು ಎಂದು ಓದಬೇಡಿ. ಜಗತ್ತು ಈ ಆಟವನ್ನು ಕಲಿತುಕೊಂಡಿದೆ.

ಇನ್ನೂ ಒಂದು ಅಂಕಿ ಉಳಿದಿದೆ. 2016ರಲ್ಲಿ ಪ್ರೊ ಕಬಡ್ಡಿಯ ಜೊತೆಗೆ ಹೆಣ್ಣುಮಕ್ಕಳಿಗೊಂದು ಪುಟ್ಟ ಲೀಗ್ ನಡೆಯಿತು, ವಿಮೆನ್ಸ್ ಕಬಡ್ಡಿ ಚಾಲೆಂಜ್, ಮೂರೇ ತಂಡ. ಜುಲೈ 31ರಂದು ಹೈದರಾಬಾದಿನಲ್ಲಿ ಫೈನಲ್. ಒಂದು ಕಡೆ ಮಮತಾ ನಾಯಕತ್ವದ ಫೈರ್ ಬರ್ಡ್ಸ್, ಇನ್ನೊಂದು ಕಡೆ ತೇಜಸ್ವಿನಿ ನಾಯಕತ್ವದ ಸ್ಟಾರ್ಮ್ ಕ್ವೀನ್ಸ್. ಗೆದ್ದದ್ದು ತೇಜಸ್ವಿನಿಯ ತಂಡ, 24-23. ಮರುವರ್ಷ ಗಂಡಸರ ಲೀಗ್ ದೊಡ್ಡದಾಯಿತು. ಹೆಣ್ಣುಮಕ್ಕಳದು ನಡೆಯಲಿಲ್ಲ.

24-23, 26-25. ಎರಡೂ ಫೈನಲ್ ಒಂದು ಅಂಕದವು. ಬೋನಸ್ ಗೆರೆಯಾಚೆ ಒಂದು ಹೆಬ್ಬೆರಳು ನೆಲ ಮುಟ್ಟಿದರೆ ಸಿಗುವುದೂ ಅಷ್ಟೇ. ಕಾಲು ನೋಡು ಎಂದು ಮುತ್ಯಾ ಹೇಳಿದ್ದು ಸುಮ್ಮನೆ ಅಲ್ಲ.

ಅಂಗಳದಲ್ಲಿ ಕೂರುವ ಬಗೆ

ಕೆಲವು ಕಿವಿಮಾತು. ಕೂರಲು ನಡುಗೆರೆಯ ನೇರ ಬೇಡ. ಬೋನಸ್ ಲೈನಿನ ನೇರಕ್ಕೆ, ಪಕ್ಕದಲ್ಲಿ ಕೂರಿ. ಕಾಲು ಅಲ್ಲಿಂದಲೇ ಕಾಣುವುದು. ಪಂದ್ಯ 15 ನಿಮಿಷದ ಎರಡು ಭಾಗ, ನಡುವೆ 5 ನಿಮಿಷ ಬಿಡುವು. ಮೊದಲ ಭಾಗದಲ್ಲಿ ರೈಡರ್‌ಗಳ ಕಾಲು ನೋಡಿ, ಎರಡನೆಯದರಲ್ಲಿ ಹಿಡಿಯುವವರ ಬೆರಳು. ಖಾಲಿ ದಾಳಿ ಹೋಯಿತೆಂದು ಕೂಗಬೇಡಿ. ಮುಂದಿನ ದಾಳಿಗೆ ಎದುರಿನವರ ಚೈನು ಎಲ್ಲಿ ಸಡಿಲ ಎಂದು ಆಕೆ ಅಳೆದು ಬಂದಿರುತ್ತಾಳೆ. ಸೋತ ತಂಡದ ಒಳ್ಳೆಯ ಹಿಡಿತಕ್ಕೂ ಚಪ್ಪಾಳೆ ಇರಲಿ.

ಇನ್ನೊಂದು ಮಾತು. ನಮ್ಮ ಸೀಮೆಯಲ್ಲಿ ಹತ್ತಿ ಬಿಡಿಸುವ ದಿನ ಬಂದರೆ ಅಂಗಳ ಅರ್ಧ ಖಾಲಿ. ಹುಡುಗಿ ಹೊಲಕ್ಕೆ ಹೋಗುತ್ತಾಳೆ, ತಿಂಗಳು ಬಿಟ್ಟು ಮರಳಿ ಬಂದಾಗ ಆಕೆಯ ಹೆಜ್ಜೆ ಬಿಗಿದಿರುತ್ತದೆ. ಅಂಥವಳು ಮೊದಲ ದಾಳಿಯಲ್ಲೇ ಸಿಕ್ಕಿಬಿದ್ದರೆ ನಗಬೇಡಿ. ಹೋದಾಕಿ ಬರ್ತಾಳ.

ದೇವದುರ್ಗದಲ್ಲೋ ಮಾನ್ವಿಯಲ್ಲೋ ಗಬ್ಬೂರಿನಲ್ಲೋ ಮುಂದಿನ ಟೂರ್ನಮೆಂಟಿನ ಹ್ಯಾಂಡ್‌ಬಿಲ್ಲು ಕೈಗೆ ಬಂದಾಗ, ರಾತ್ರಿಯ ಪಂದ್ಯದ ಹೊತ್ತಿನ ಜೊತೆಗೆ ಹಗಲಿನದನ್ನೂ ಓದಿಕೊಳ್ಳಿ. ಹನ್ನೊಂದಕ್ಕೆ ಬನ್ನಿ, ಒಂದು ಛತ್ರಿ ತನ್ನಿ, ಮನೆಯ ಹುಡುಗಿಯರನ್ನೂ ಕರೆತನ್ನಿ. ಬೇವಿನ ಮರದ ಕೆಳಗೆ ಇನ್ನೂ ಜಾಗ ಇದೆ.