‘ನಿಮ್ಮೂರು ಯಾವುದು?’ ಕೇಳಿ ತಂಡ ಕಟ್ಟಬಹುದೇ

ಪ್ಯಾಟ್ರಿಕ್ ಲೆನ್ಸಿಯೋನಿ 2002ರಲ್ಲಿ ಪ್ರಕಟಿಸಿದ ‘ದಿ ಫೈವ್ ಡಿಸ್‌ಫಂಕ್ಷನ್ಸ್ ಆಫ್ ಎ ಟೀಮ್’ ಕತೆಯ ರೂಪದಲ್ಲಿರುವ ಪುಸ್ತಕ. ಕ್ಯಾಲಿಫೋರ್ನಿಯಾದ ಡಿಸಿಷನ್‌ಟೆಕ್ ಎಂಬ ಕಾಲ್ಪನಿಕ ಕಂಪನಿ, ಹಣವೂ ಪ್ರತಿಭೆಯೂ ಇದ್ದೂ ಸೋಲುತ್ತಿರುತ್ತದೆ. ಹೊಸ ಮುಖ್ಯಸ್ಥೆ ಕ್ಯಾಥರಿನ್ ಹಿರಿಯ ಅಧಿಕಾರಿಗಳನ್ನು ನಾಪಾ ಕಣಿವೆಗೆ ಕರೆದೊಯ್ದು ತಂಡವಾಗಿಸಲು ಹೊರಡುತ್ತಾಳೆ. ಅವಳ ತರ್ಕ ಹೀಗಿದೆ: ನಂಬಿಕೆ ಇಲ್ಲದ ಕಡೆ ಜನ ಎದುರಾ ಎದುರು ವಾದಿಸುವುದಿಲ್ಲ, ವಾದಿಸದೆ ಒಪ್ಪಿದ ನಿರ್ಧಾರಕ್ಕೆ ಮನಸ್ಸು ಕೊಡುವುದಿಲ್ಲ, ಮನಸ್ಸು ಕೊಡದವರು ಒಬ್ಬರನ್ನೊಬ್ಬರು ಪ್ರಶ್ನಿಸುವುದಿಲ್ಲ, ಕೊನೆಗೆ ಒಟ್ಟು ಫಲಿತಾಂಶದ ಕಡೆ ಯಾರ ಗಮನವೂ ಇರುವುದಿಲ್ಲ. ಮೀಟಿಂಗಿನಲ್ಲಿ ತಲೆಯಾಡಿಸಿ, ಹೊರಗೆ ಕಾಫಿ ಮೆಷಿನ್ ಹತ್ತಿರ ‘ಇದು ಆಗೋ ಕೆಲಸ ಅಲ್ಲ ಬಿಡ್ರೀ’ ಎನ್ನುವ ನಮ್ಮ ಅಭ್ಯಾಸದ ಬೇರು ಎಲ್ಲಿದೆಯೆಂದು ನನಗೆ ಹೊಳೆದದ್ದು ಇದನ್ನು ಓದಿದ ಮೇಲೆ. ರೋಗವನ್ನು ಇಷ್ಟು ತಿಳಿಯಾಗಿ ಗುರುತಿಸಿದ್ದಕ್ಕೆ ಲೇಖಕರಿಗೆ ನಾನು ಋಣಿ.

ತೊಡಕಿರುವುದು ಮದ್ದಿನಲ್ಲಿ. ನಂಬಿಕೆ ಬೆಳೆಸಲು ಕ್ಯಾಥರಿನ್ ಎಲ್ಲರಿಗೂ ಕೆಲವು ಪ್ರಶ್ನೆ ಹಾಕುತ್ತಾಳೆ: ಹುಟ್ಟೂರು, ಮನೆಯಲ್ಲಿ ಎಷ್ಟು ಮಕ್ಕಳು, ಬಾಲ್ಯದ ಕಷ್ಟ, ಮೊದಲ ಕೆಲಸ. ಅವರಿಗೆ ಇದು ಸಲೀಸು ಇರಬಹುದು. ನಮ್ಮಲ್ಲಿ ‘ನಿಮ್ಮೂರು ಯಾವುದು’ ಎಂಬುದರ ಬೆನ್ನಿಗೇ ‘ಅಲ್ಲಿ ಯಾರ ಪೈಕಿ’ ಬರುತ್ತದೆ.

ಬೆಂಗಳೂರಿನಾಚೆಯ ರೆಸಾರ್ಟೊಂದರಲ್ಲಿ ನಮಗೂ ಇದೇ ಆಟ ಆಡಿಸಿದ್ದರು. ಹದಿನಾಲ್ಕು ಜನ ದುಂಡಗೆ ಕೂತಿದ್ದೆವು. ನಮ್ಮಲ್ಲೆಲ್ಲ ಚುರುಕಾಗಿ ಕೋಡ್ ಬರೆಯುತ್ತಿದ್ದ ಹುಡುಗ ‘ಮೈಸೂರು ಕಡೆ’ ಎಂದಷ್ಟೇ ಹೇಳಿ ಮೈಕು ದಾಟಿಸಿದ. ಪಕ್ಕದವರು ಬಿಡಲಿಲ್ಲ. ‘ಮೈಸೂರು ಕಡೆ ಅಂದ್ರೆ ಯಾವೂರಪ್ಪಾ?’ ಅವನು ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತ ಕೂತ. ಅವತ್ತೆಲ್ಲ ಅವನ ದನಿ ಮತ್ತೆ ಕೇಳಲಿಲ್ಲ. ಆ ಮೌನ ಲೆನ್ಸಿಯೋನಿಯವರ ಪುಸ್ತಕದಲ್ಲಿ ಎಲ್ಲಿಯೂ ಇಲ್ಲ.

ನಂಬಿಕೆಗೆ ಬೇರೆ ದಾರಿಯೂ ಇದೆ. ಹಾರ್ವರ್ಡ್‌ನ ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆಯ ತಂಡಗಳನ್ನು ಅಧ್ಯಯನ ಮಾಡಿದಾಗ, ಚೆನ್ನಾಗಿ ಹೊಂದಿಕೊಂಡಿದ್ದ ತಂಡಗಳಲ್ಲೇ ಔಷಧಿಯ ತಪ್ಪುಗಳು ಹೆಚ್ಚು ದಾಖಲಾಗಿದ್ದವು. ಅಲ್ಲಿನವರು ತಪ್ಪನ್ನು ಮುಚ್ಚಿಡದೆ ಹೇಳಿಕೊಳ್ಳುತ್ತಿದ್ದರು ಎಂಬುದು ಅವರು ಕಂಡುಕೊಂಡ ಕಾರಣ. ನನಗೆ ಇದು ಹೆಚ್ಚು ಒಪ್ಪಿಗೆ. ಇಲ್ಲಿ ನಂಬಿಕೆ ಹುಟ್ಟುವುದು ಕೆಲಸದ ನಡುವೆಯೇ, ತಪ್ಪು ಒಪ್ಪಿಕೊಂಡ ನರ್ಸ್‌ಗೆ ಮೇಲಿನವರು ಏನಂದರು ಎಂಬುದರಿಂದ. ಅದಕ್ಕೆ ಯಾರ ಊರೂ ಗೊತ್ತಿರಬೇಕಿಲ್ಲ.

ಇನ್ನೊಂದು ಮಾತು. ಕ್ಯಾಥರಿನ್‌ಗೆ ಹೊಂದದವರನ್ನು ಮನೆಗೆ ಕಳಿಸುವ ಅಧಿಕಾರವಿತ್ತು, ಕಳಿಸುತ್ತಾಳೆ ಕೂಡ. ನಮ್ಮ ಟೀಮ್ ಲೀಡ್‌ಗಳಿಗೆ ಅದಿಲ್ಲ. ಬದಲಿಗೆ ವರ್ಷದ ಕೊನೆಗೆ ತಮ್ಮವರನ್ನೇ ಮೇಲೆ ಕೆಳಗೆ ಸಾಲು ನಿಲ್ಲಿಸುವ ಕೆಲಸ. ಇಂಥ ಕಡ್ಡಾಯ ಶ್ರೇಣಿಯನ್ನು ಮೈಕ್ರೋಸಾಫ್ಟ್ 2013ರಲ್ಲೇ ಕೈಬಿಟ್ಟಿತು. ಪಕ್ಕದವನ ಅಂಕ ಇಳಿದರೆ ತನ್ನದು ಏರುವ ಕಡೆ ಯಾವ ಆಟವೂ ನಂಬಿಕೆ ತರಲಾರದು.

ಪುಸ್ತಕವನ್ನು ಓದಿ, ಆ ಪ್ರಶ್ನೆಗಳನ್ನು ಬಿಡಿ. ತಂಡ ನಡೆಸುವವರಲ್ಲಿ ನನ್ನ ವಿನಂತಿ ಇಷ್ಟೇ: ಯಾರಾದರೂ ‘ಸರ್, ನನ್ನಿಂದ ತಪ್ಪಾಯ್ತು’ ಎಂದು ಬಂದರೆ ಮೊದಲು ಕುರ್ಚಿ ಎಳೆದು ಕೂರಿಸಿ, ಪೂರ್ತಿ ಕೇಳಿಸಿಕೊಳ್ಳಿ.