ವಿಶ್ವಕಪ್ಪಿನ ನಿರ್ವಹಣಸಂಧಿ

ಕಾವ್ಯವಿಚಾರಕ್ಕೆ ಮೀಸಲಾದ ಈ ಪುಟಗಳಲ್ಲಿ ಚೆಂಡಾಟದ ಪ್ರಸ್ತಾಪವೇಕೆಂದು ಕೆಲವು ವಾಚಕ ಮಹಾಶಯರು ಹುಬ್ಬೇರಿಸಬಹುದು. ಆದರೆ ಕೋಟ್ಯಂತರ ಜನರನ್ನು ಏಕಕಾಲದಲ್ಲಿ ನಗಿಸುವ, ಅಳಿಸುವ, ಉಸಿರು ಬಿಗಿಹಿಡಿದು ಕೂರಿಸುವ ವಸ್ತು ಯಾವುದೇ ಆಗಿರಲಿ, ಅದು ರಸವಿಚಾರಕ್ಕೆ ಹೊರತಾದುದಲ್ಲ. ಭರತಮುನಿಯ ಗ್ರಂಥದಲ್ಲಿ ದೇವತೆಗಳು ಬ್ರಹ್ಮನನ್ನು ಬೇಡಿಕೊಂಡುದಾದರೂ ಏನನ್ನು? ಒಂದು ಕ್ರೀಡನೀಯಕವನ್ನು, ಎಂದರೆ ಆಡುವ ವಸ್ತುವನ್ನು. ನಾಟ್ಯವು ಆಟವೆನಿಸಿದ ಮೇಲೆ ಆಟವನ್ನು ನಾಟ್ಯದ ಅಳತೆಗೋಲಿನಿಂದ ಅಳೆಯುವುದು ಅನುಚಿತವಾಗಲಾರದು. ವಿಶ್ವಕಪ್ಪೆಂದು ಕರೆಯಲ್ಪಡುವ ಪಂದ್ಯಾವಳಿಗಳನ್ನು ಈ ದೃಷ್ಟಿಯಿಂದ ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಹೆಸರಿನ ವಿಚಾರ. ಸಂಸ್ಕೃತದಲ್ಲಿ ‘ವಿಶ್ವ’ ಶಬ್ದಕ್ಕೆ ಲೋಕವೆಂಬ ಅರ್ಥಕ್ಕಿಂತಲೂ ಮೊದಲು ‘ಎಲ್ಲ’ ಎಂಬ ಅರ್ಥವುಂಟು. ವೈಯಾಕರಣರು ಅದನ್ನು ಸರ್ವಾದಿಗಣದಲ್ಲಿ ‘ಸರ್ವ’ ಶಬ್ದದ ಮಗ್ಗುಲಲ್ಲಿಯೇ ಕೂರಿಸಿದ್ದಾರೆ. ಈ ಅರ್ಥವನ್ನು ಬಿಗಿಯಾಗಿ ಹಿಡಿದರೆ ಯಾವ ಪಂದ್ಯಾವಳಿಯೂ ಆ ಹೆಸರಿಗೆ ತಕ್ಕುದಲ್ಲ. ೧೯೩೦ರಲ್ಲಿ ಉರುಗ್ವೆಯಲ್ಲಿ ನಡೆದ ಮೊದಲ ಫುಟ್‌ಬಾಲ್ ವಿಶ್ವಕಪ್ಪಿಗೆ ಬಂದವು ಹದಿಮೂರು ತಂಡಗಳು ಮಾತ್ರ. ೧೯೭೫ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ಪುರುಷರ ಮೊದಲ ಕ್ರಿಕೆಟ್ ವಿಶ್ವಕಪ್ಪಿಗೆ ಎಂಟು. ಅದಕ್ಕೂ ಎರಡು ವರ್ಷ ಮೊದಲೇ, ೧೯೭೩ರಲ್ಲಿ, ಮಹಿಳೆಯರು ತಮ್ಮ ವಿಶ್ವಕಪ್ಪನ್ನು ಆಡಿ ಮುಗಿಸಿದ್ದರೆಂಬುದನ್ನು ಹಲವರು ಮರೆಯುತ್ತಾರೆ. ಅಮೆರಿಕೆಯ ಬೇಸ್‌ಬಾಲಿನವರಂತೂ ತಮ್ಮ ಎರಡು ಲೀಗುಗಳ ಕಡೆಯ ಸ್ಪರ್ಧೆಯನ್ನೇ ೧೯೦೩ರಿಂದ ‘ವರ್ಲ್ಡ್ ಸೀರೀಸ್’ ಎಂದು ಕರೆಯುತ್ತ ಬಂದಿದ್ದಾರೆ. ೨೦೨೫ರ ಜನವರಿಯಲ್ಲಿ ನಮ್ಮ ಖೋ ಖೋ ಆಟಕ್ಕೂ ದೆಹಲಿಯಲ್ಲಿ ಮೊದಲ ವಿಶ್ವಕಪ್ ನಡೆದು, ಭಾರತದ ಪುರುಷರೂ ಮಹಿಳೆಯರೂ ನೇಪಾಳವನ್ನು ಸೋಲಿಸಿ ಗೆದ್ದರು. ಹೀಗಿರಲು ತಂಡಗಳ ತಲೆಯೆಣಿಕೆಯಿಂದ ಹೆಸರಿನ ಸತ್ಯಾಸತ್ಯವನ್ನು ನಿರ್ಣಯಿಸಹೊರಡುವುದು ವ್ಯರ್ಥಪ್ರಯಾಸ. ‘ಎಲ್ಲ’ ಎಂಬ ಮಾತು ಸಾರ್ಥಕವಾಗುವುದು ಬೇರೊಂದು ಬಗೆಯಲ್ಲಿ: ಗೆದ್ದವನು ಮಾತ್ರವಲ್ಲದೆ ಸೋತವನೂ, ದೂರದಲ್ಲಿ ಕುಳಿತು ನೋಡಿದವನೂ, ಎಲ್ಲರೂ, ‘ಅಹುದು, ಇದು ಆಟದಿಂದಲೇ ಬಂದ ತೀರ್ಪು’ ಎಂದು ಒಪ್ಪಿಕೊಳ್ಳುವಂತಿದ್ದರೆ ಆ ಕಪ್ಪು ವಿಶ್ವದ್ದು.

ನಾಟಕಕ್ಕೆ ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ ಎಂದು ಐದು ಸಂಧಿಗಳನ್ನು ಆಲಂಕಾರಿಕರು ಹೇಳಿದ್ದಾರೆ. ಚೆದುರಿದ ಎಳೆಗಳೆಲ್ಲ ಒಂದು ಫಲದಲ್ಲಿ ಬಂದು ಕೂಡುವ ಎಡೆಯೇ ನಿರ್ವಹಣ. ಅದರ ಮುಖ್ಯ ಗುಣವೆಂದರೆ, ಫಲವು ಬೀಜದಿಂದಲೇ ಹುಟ್ಟಬೇಕು. ಶಾಕುಂತಲದ ಉಂಗುರವು ಕಡೆಯಲ್ಲಿ ಬೆಸ್ತನ ಕೈಯಲ್ಲಿ ಸಿಕ್ಕುವುದು ಆಕಸ್ಮಿಕವೇ. ಆದರೂ ನಮಗೆ ಅಸಮಾಧಾನವಾಗುವುದಿಲ್ಲ, ಏಕೆಂದರೆ ಆ ಉಂಗುರವನ್ನು ಕವಿ ಮೊದಲನೆಯ ಅಂಕದಲ್ಲಿಯೇ ನಮ್ಮ ಕಣ್ಣಿಗೆ ಹಾಯಿಸಿದ್ದಾನೆ. ಹೊರಗಿನಿಂದ ತಂದು ತುರುಕಿದ ಉಪಾಯದಿಂದ ಕಥೆ ಮುಗಿದರೆ ಸಹೃದಯನು ಮುಖ ಸಿಂಡರಿಸುತ್ತಾನೆ. ಪಂದ್ಯಕ್ಕೂ ಇದೇ ನ್ಯಾಯ. ಸೋತವನಿಗೆ ಶೋಕವಿರಬಹುದು, ಮನಸ್ತಾಪವಿರಬಾರದು. ಶೋಕವು ಕರುಣರಸಕ್ಕೆ ಸ್ಥಾಯಿ. ಮನಸ್ತಾಪವು ಯಾವ ರಸಕ್ಕೂ ಸ್ಥಾಯಿಯಲ್ಲ.

ಶುದ್ಧವಾದ ಶೋಕಕ್ಕೆ ೧೯೫೦ರ ಫುಟ್‌ಬಾಲ್ ವಿಶ್ವಕಪ್ಪಿಗಿಂತ ಉತ್ತಮವಾದ ದೃಷ್ಟಾಂತವಿಲ್ಲ. ಆ ವರ್ಷದ ವ್ಯವಸ್ಥೆಯಲ್ಲಿ ಅಂತಿಮ ಪಂದ್ಯವೆಂಬುದೇ ಇರಲಿಲ್ಲ. ಕಡೆಯ ಸುತ್ತಿನ ನಾಲ್ಕು ತಂಡಗಳು ಪರಸ್ಪರ ಆಡಿ, ಅಂಕಗಳ ಮೊತ್ತದಲ್ಲಿ ಮುಂದಿದ್ದವರು ಗೆಲ್ಲಬೇಕಾಗಿತ್ತು. ದೈವಯೋಗದಿಂದ ಜುಲೈ ೧೬ರಂದು ರಿಯೋ ನಗರದ ಮರಕಾನಾ ಕ್ರೀಡಾಂಗಣದಲ್ಲಿ ನಡೆದ ಕಡೆಯ ಆಟವೇ ನಿರ್ಣಾಯಕವಾಯಿತು. ಆತಿಥೇಯ ಬ್ರೆಜಿಲಿಗೆ ಸಮಬಲ ಸಾಕಾಗಿತ್ತು. ಉರುಗ್ವೆಗೆ ಗೆಲುವಲ್ಲದೆ ಬೇರೆ ದಾರಿಯಿರಲಿಲ್ಲ. ಬ್ರೆಜಿಲು ಮೊದಲು ಗೋಲು ಹೊಡೆಯಿತು. ಬಳಿಕ ಸ್ಕಿಯಾಫಿನೊ ಒಂದು, ಗಿಜಿಯಾ ಒಂದು ಗೋಲು ಹೊಡೆದು ೨–೧ರಿಂದ ಉರುಗ್ವೆಯನ್ನು ಗೆಲ್ಲಿಸಿದರು. ಒಂದೂವರೆ ಲಕ್ಷಕ್ಕೂ ಮೀರಿ ನೆರೆದಿದ್ದ ಜನ ಸ್ತಬ್ಧರಾದರು. ಒಂದು ದೇಶವೇ ಅತ್ತಿತು. ತಲೆಮಾರುಗಳ ತನಕ ಅತ್ತಿತು. ಆದರೆ ಕಪ್ಪು ನ್ಯಾಯವಾಗಿ ಯಾರದೆಂಬ ವಿಷಯದಲ್ಲಿ ಸಂದೇಹವೇಳಲಿಲ್ಲ. ಗಾಯ ಆಳವಾಗಿತ್ತು, ಆದರೆ ಕೀವು ಕಟ್ಟಲಿಲ್ಲ.

ನಮಗೆ ಹತ್ತಿರದ ಉದಾಹರಣೆ ೧೯೮೩ರದು. ಜೂನ್ ೨೫ರಂದು ಲಾರ್ಡ್ಸ್ ಮೈದಾನದಲ್ಲಿ ಭಾರತವು ೧೮೩ ರನ್ನುಗಳಿಗೆ ಉರುಳಿದರೂ, ಅದುವರೆಗಿನ ಎರಡು ಕಪ್ಪುಗಳನ್ನೂ ಗೆದ್ದಿದ್ದ ವೆಸ್ಟ್ ಇಂಡೀಸನ್ನು ೧೪೦ಕ್ಕೆ ಕಟ್ಟಿಹಾಕಿತು. ಆ ಪಂದ್ಯಾವಳಿಯಲ್ಲಿ ಹದಿನೆಂಟು ವಿಕೆಟ್ಟುಗಳನ್ನು ಕಿತ್ತು ಎಲ್ಲರಿಗಿಂತ ಮುಂದಿದ್ದವರು ನಮ್ಮ ರೋಜರ್ ಬಿನ್ನಿ. ಅದಕ್ಕೆ ಒಂದು ವಾರದ ಹಿಂದೆ ಜಿಂಬಾಬ್ವೆಯ ಎದುರು ತಂಡವು ೧೭ಕ್ಕೆ ಐದು ವಿಕೆಟ್ಟು ಕಳೆದುಕೊಂಡು ಮುಳುಗುತ್ತಿದ್ದಾಗ ಕಪಿಲ್ ದೇವ್ ೧೭೫ ರನ್ನು ಹೊಡೆದುದನ್ನು ಎಲ್ಲರೂ ಬಲ್ಲರು. ಒಂಬತ್ತನೆಯ ವಿಕೆಟ್ಟಿಗೆ ಇನ್ನೊಂದು ತುದಿಯನ್ನು ಕಾದು ನಿಂತವರು ಸಯ್ಯದ್ ಕಿರ್ಮಾನಿ ಎಂಬುದನ್ನು ಕನ್ನಡಿಗರಾದರೂ ನೆನೆಯಬೇಕು. ಇಲ್ಲಿಯೂ ಬೀಜದಿಂದಲೇ ಫಲ. ಸೋತ ಬಲಿಷ್ಠರಿಗೆ ಬೆರಗು ಉಳಿಯಿತು, ದೂರು ಉಳಿಯಲಿಲ್ಲ.

ಇನ್ನು ಕೆಟ್ಟ ನಿರ್ವಹಣಕ್ಕೆ ಬರೋಣ. ೨೦೧೯ರ ಜುಲೈ ೧೪ರಂದು ಅದೇ ಲಾರ್ಡ್ಸ್ ಮೈದಾನದಲ್ಲಿ ನ್ಯೂಜಿಲೆಂಡು ೨೪೧ ರನ್ನು ಮಾಡಿತು. ಇಂಗ್ಲೆಂಡೂ ೨೪೧ ಮಾಡಿತು. ಕಡೆಯ ಓವರಿನಲ್ಲಿ ಕ್ಷೇತ್ರರಕ್ಷಕನು ಎಸೆದ ಚೆಂಡು ಓಡಿಬರುತ್ತಿದ್ದ ಸ್ಟೋಕ್ಸನ ಬ್ಯಾಟಿಗೆ ತಗುಲಿ ಗಡಿ ದಾಟಿ, ಆರು ರನ್ನು ಕೊಡಲ್ಪಟ್ಟುದು ದೈವವಿಲಾಸವೆಂದು ಬಿಡೋಣ. ಬೆಸ್ತನಿಗೆ ಸಿಕ್ಕ ಉಂಗುರದಂತೆ ಅದು ಆಟದ ಒಳಗಿನ ಆಕಸ್ಮಿಕ. ಸಮಬಲವನ್ನು ಮುರಿಯಲು ಒಂದೊಂದು ‘ಸೂಪರ್ ಓವರ್’ ಆಡಿಸಿದರು. ಅಲ್ಲಿಯೂ ಇಬ್ಬರದೂ ಹದಿನೈದು ಹದಿನೈದು. ಆಗ ನಿಯಮದ ಹೊತ್ತಗೆಯನ್ನು ತೆರೆದು, ಹೆಚ್ಚು ಬೌಂಡರಿ ಹೊಡೆದವರು ಯಾರೆಂದು ಎಣಿಸಿದರು. ಇಂಗ್ಲೆಂಡಿನದು ೨೬, ನ್ಯೂಜಿಲೆಂಡಿನದು ೧೭. ಕಪ್ಪು ಇಂಗ್ಲೆಂಡಿಗೆ ಹೋಯಿತು.

ನಿಯಮವು ಮೊದಲೇ ಲಿಖಿತವಾಗಿತ್ತು, ಇಬ್ಬರೂ ಒಪ್ಪಿಯೇ ಆಡಿದ್ದರು ಎಂದು ಸಮರ್ಥಕರು ಹೇಳುತ್ತಾರೆ. ಸತ್ಯವೇ. ಆದರೆ ಹೊತ್ತಗೆಯಲ್ಲಿರುವುದೂ ಆಟದಲ್ಲಿರುವುದೂ ಒಂದೇ ಅಲ್ಲ. ಕ್ರಿಕೆಟ್ಟಿನ ಮೂಲಧರ್ಮದಲ್ಲಿ ರನ್ನಿಗೆ ಜಾತಿಯಿಲ್ಲ. ನಾಲ್ಕು ಸಾರಿ ಓಡಿ ಗಳಿಸಿದ ನಾಲ್ಕೂ, ಒಂದೇ ಹೊಡೆತದಲ್ಲಿ ಗಡಿ ದಾಟಿಸಿದ ನಾಲ್ಕೂ ಸಮಾನ. ಹಗಲೆಲ್ಲ ಈ ಸಮೀಕರಣವನ್ನು ಪಾಲಿಸಿ, ಸಂಜೆಗೆ ಓಡಿ ತಂದ ರನ್ನು ಕೀಳು, ಹೊಡೆದು ತಂದ ರನ್ನು ಮೇಲು ಎಂದು ತೀರ್ಪು ಕೊಟ್ಟರೆ, ಆಟವು ತನ್ನ ಮಾತನ್ನು ತಾನೇ ಅಲ್ಲಗಳೆದಂತಾಯಿತು. ಉತ್ತರಪತ್ರಿಕೆಗಳನ್ನು ತಿದ್ದಿದವರಿಗೆ ಈ ತೊಡಕು ಅಪರಿಚಿತವಲ್ಲ. ಗಣಿತದಲ್ಲಿ ಇಬ್ಬರು ಬಾಲಕರಿಗೆ ಸಮನಾದ ಅಂಕ ಬಂದು, ಬಹುಮಾನ ಒಂದೇ ಇದ್ದಾಗ, ಯಾರ ಕೈಬರಹ ಅಂದವೆಂದು ನೋಡಿ ಕೊಡುವ ಉಪಾಧ್ಯಾಯರುಂಟು. ಅಂದವಾದ ಕೈಬರಹ ಒಳ್ಳೆಯದೇ. ಆದರೆ ಪ್ರಶ್ನೆಪತ್ರಿಕೆ ಅದನ್ನು ಕೇಳಿರಲಿಲ್ಲ. ನ್ಯೂಜಿಲೆಂಡಿನ ನಾಯಕ ವಿಲಿಯಮ್ಸನ್ ಆ ದಿನ ತೋರಿದ ಸಂಯಮವು ಧೀರೋದಾತ್ತನದು. ಆದರೆ ಸೋತವನ ಸೌಜನ್ಯವನ್ನು ತೀರ್ಪಿನ ಸೌಷ್ಠವವೆಂದು ಎಣಿಸಲಾಗದು. ಅದೇ ವರ್ಷದ ಅಕ್ಟೋಬರಿನಲ್ಲಿ ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಲಿಯೇ ಆ ನಿಯಮವನ್ನು ಕೈಬಿಟ್ಟು, ಒಬ್ಬರು ಗೆಲ್ಲುವತನಕ ಸೂಪರ್ ಓವರನ್ನು ಮತ್ತೆ ಮತ್ತೆ ಆಡಿಸತಕ್ಕುದೆಂದು ವಿಧಿಸಿತು. ಕಪ್ಪು ಮಾತ್ರ ಹಿಂದಿರುಗಲಿಲ್ಲ.

ಇದಕ್ಕಿಂತಲೂ ವಿಪರೀತವಾದುದು ೧೯೯೨ರಲ್ಲಿ ಸಿಡ್ನಿಯಲ್ಲಿ ನಡೆದ ಉಪಾಂತ್ಯ. ವರ್ಣಭೇದದ ಪಾಪಕ್ಕಾಗಿ ಬಹುಕಾಲ ದೂರವಿಡಲ್ಪಟ್ಟಿದ್ದ ದಕ್ಷಿಣ ಆಫ್ರಿಕಕ್ಕೆ ಅದೇ ಮೊದಲ ಕ್ರಿಕೆಟ್ ವಿಶ್ವಕಪ್ಪು. ಇಂಗ್ಲೆಂಡಿನ ಎದುರು ಹದಿಮೂರು ಎಸೆತಗಳಲ್ಲಿ ಇಪ್ಪತ್ತೆರಡು ರನ್ನು ಬೇಕಾಗಿದ್ದಾಗ ಮಳೆ ಬಂದಿತು. ಮಳೆ ನಿಂತ ಮೇಲೆ ಉಳಿದುದು ಒಂದೇ ಎಸೆತ. ಬೇಕಾದ ರನ್ನು ಇಪ್ಪತ್ತೊಂದು. ಓವರು ಕಡಿತವಾದಾಗ, ಮೊದಲು ಆಡಿದವರು ಅತ್ಯಲ್ಪ ರನ್ನು ಗಳಿಸಿದ ಓವರುಗಳನ್ನೇ ಲೆಕ್ಕದಿಂದ ತೆಗೆಯತಕ್ಕುದೆಂಬ ನಿಯಮದ ಫಲವಿದು. ದಕ್ಷಿಣ ಆಫ್ರಿಕದವರು ಅತ್ಯುತ್ತಮವಾಗಿ ಎಸೆದ ಓವರುಗಳೇ ಅವರ ಕೊರಳಿಗೆ ಉರುಳಾದವು. ಗುಣವೇ ದಂಡಕ್ಕೆ ಕಾರಣವಾಯಿತು. ೧೯೯೯ರ ಉಪಾಂತ್ಯದಲ್ಲಿ ಅವರೂ ಆಸ್ಟ್ರೇಲಿಯದವರೂ ತಲಾ ೨೧೩ ಮಾಡಿ ಸಮವಾದಾಗ, ಹಿಂದಿನ ಸುತ್ತಿನ ಪಟ್ಟಿಯಲ್ಲಿ ಮೇಲಿದ್ದ ಆಸ್ಟ್ರೇಲಿಯವು ಮುಂದೆ ಹೋಯಿತು. ಅದು ಕಟುವಾದರೂ ಅಷ್ಟು ಅನುಚಿತವಲ್ಲ. ಆ ಮೇಲಿನ ಸ್ಥಾನವನ್ನು ಆಟದಿಂದಲೇ ಸಂಪಾದಿಸಿದ್ದರು.

ಫುಟ್‌ಬಾಲಿನ ಪೆನಾಲ್ಟಿ ಒದೆತಗಳ ವಿಚಾರದಲ್ಲಿ ತೀರ್ಪು ಅಷ್ಟು ಸುಲಭವಲ್ಲ. ಪೂರ್ವದಲ್ಲಿ ಸಮಬಲವಾದರೆ ಪಂದ್ಯವನ್ನೇ ಪುನಃ ಆಡಿಸುತ್ತಿದ್ದರು. ೧೯೩೪ರಲ್ಲಿ ಇಟಲಿಯೂ ಸ್ಪೇನೂ ಹಾಗೆ ಮರುದಿನವೇ ಮತ್ತೆ ಆಡಿದವು. ೧೯೬೮ರ ಯೂರೋಪಿನ ಪಂದ್ಯಾವಳಿಯಲ್ಲಿಯಾದರೋ ಇಟಲಿಯನ್ನು ಅಂತಿಮ ಪಂದ್ಯಕ್ಕೆ ಕಳುಹಿಸಿದುದು ನಾಣ್ಯದ ಚಿಮ್ಮುವಿಕೆ. ೧೯೭೦ರಲ್ಲಿ ಅಂಗೀಕೃತವಾದ ಪೆನಾಲ್ಟಿ ಪದ್ಧತಿಯು ನಾಣ್ಯಕ್ಕಿಂತ ಮೇಲೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹನ್ನೊಂದು ಜನರ ಕೂಡಾಟವೇ ಜೀವಾಳವಾದ ಆಟದಿಂದ ಒಂದು ಅವಯವವನ್ನು ಕತ್ತರಿಸಿ, ಅದನ್ನೇ ಇಡೀ ದೇಹವೆಂದು ತೋರಿಸಿದಂತೆ ಇದು. ೧೯೯೪ರಲ್ಲಿ ಬ್ರೆಜಿಲ್-ಇಟಲಿಗಳ ಅಂತಿಮ ಪಂದ್ಯ ಗೋಲಿಲ್ಲದೆ ಮುಗಿದು, ಬಾಜಿಯೊ ಒದೆದ ಚೆಂಡು ಗೋಲಿನ ಮೇಲೆ ಹಾರಿಹೋದಾಗ, ಆ ತನಕ ತಂಡವನ್ನು ಹೊತ್ತು ತಂದವನೇ ಸೋಲಿನ ಹೊರೆಯನ್ನೂ ಒಂಟಿಯಾಗಿ ಹೊರಬೇಕಾಯಿತು. ೨೦೨೨ರಲ್ಲಿ ಆರ್ಜೆಂಟೀನ-ಫ್ರಾನ್ಸುಗಳು ೩–೩ರಲ್ಲಿ ನಿಂತಾಗ ನೋಡಿದವರ ಕಣ್ಣು ತುಂಬಿದುದು ಆಟದಿಂದ, ಒದೆತಗಳಿಂದಲ್ಲ.

ಹಾಕಿಯವರು ಈ ವಿಷಯದಲ್ಲಿ ಫುಟ್‌ಬಾಲಿನವರಿಗಿಂತ ವಿವೇಕಿಗಳು. ೧೯೭೩ರ ಅಂತಿಮ ಪಂದ್ಯವನ್ನು ಭಾರತವು ನೆದರ್ಲೆಂಡ್ಸಿಗೆ ಸೋತುದು ೨–೨ರ ಬಳಿಕ ಪೆನಾಲ್ಟಿ ಹೊಡೆತಗಳಲ್ಲಿ. ಕೊಡಗಿನ ಬಿ. ಪಿ. ಗೋವಿಂದ ಮೊದಲಾದವರಿದ್ದ ತಂಡವು ೧೯೭೫ರಲ್ಲಿ ಕೌಲಾಲಂಪುರದಲ್ಲಿ ಪಾಕಿಸ್ತಾನವನ್ನು ೨–೧ರಿಂದ ಗೆದ್ದು ಆ ಶೋಕವನ್ನು ತೀರಿಸಿಕೊಂಡಿತು. ಈಗ ಹಾಕಿಯಲ್ಲಿ ನಿಂತ ಚೆಂಡನ್ನು ಹೊಡೆಯುವುದಿಲ್ಲ. ಆಟಗಾರನು ಎಂಟು ಸೆಕೆಂಡುಗಳೊಳಗೆ ಚೆಂಡನ್ನು ಉರುಳಿಸಿಕೊಂಡು ಬಂದು ಗೋಲುರಕ್ಷಕನನ್ನು ವಂಚಿಸಬೇಕು. ೨೦೨೩ರಲ್ಲಿ ಭುವನೇಶ್ವರದಲ್ಲಿ ಜರ್ಮನಿಯು ಬೆಲ್ಜಿಯಮ್ಮನ್ನು ಗೆದ್ದುದು ಹೀಗೆಯೇ. ಓಟ, ಹತೋಟಿ, ಯುಕ್ತಿ, ಎಂದರೆ ಆಟದ ಉಸಿರು, ಇಲ್ಲಿ ಇನ್ನೂ ಆಡುತ್ತದೆ.

ಇವೆಲ್ಲಕ್ಕಿಂತ ಮೇಲಾದುದು ಚದುರಂಗದ ವಿಶ್ವಕಪ್ಪಿನ ಕ್ರಮ. ಎರಡು ದೀರ್ಘವಾದ ಆಟಗಳು ಸಮವಾದರೆ ಅದೇ ಮಣೆಯ ಮೇಲೆ, ಅದೇ ಕಾಯಿಗಳಿಂದ, ಅದೇ ನಿಯಮದಿಂದ ಶೀಘ್ರದ ಆಟಗಳನ್ನು ಆಡಿಸುತ್ತಾರೆ; ಕಡಮೆಯಾಗುವುದು ಕಾಲ ಮಾತ್ರ. ೨೦೨೩ರಲ್ಲಿ ಬಾಕು ನಗರದಲ್ಲಿ ಕಾರ್ಲ್‌ಸೆನ್ನನು ನಮ್ಮ ಪ್ರಜ್ಞಾನಂದನನ್ನು ಗೆದ್ದುದೂ, ೨೦೨೫ರಲ್ಲಿ ಬಟುಮಿಯಲ್ಲಿ ಕಿರಿಯ ದಿವ್ಯಾ ದೇಶಮುಖ್ ಹಿರಿಯ ಕೊನೇರು ಹಂಪಿಯವರನ್ನು ಗೆದ್ದುದೂ ಈ ಕ್ರಮದಿಂದ. ಸಂಕ್ಷಿಪ್ತವಾದರೂ ಅದು ಆಟವೇ.

ಹಿಮಜಾರಾಟದ ವಿಶ್ವಕಪ್ಪು ಬೇರೆಯೇ ಒಂದು ಪ್ರಕಾರ. ೧೯೬೭ರಿಂದ ನಡೆದುಬಂದಿರುವ ಆ ಸ್ಪರ್ಧೆಯಲ್ಲಿ ಚಳಿಗಾಲದುದ್ದಕ್ಕೂ ಊರೂರುಗಳ ಇಳಿಜಾರುಗಳಲ್ಲಿ ಗಳಿಸಿದ ಅಂಕಗಳನ್ನು ಕೂಡಿಸಿ, ಹೆಚ್ಚು ಗಳಿಸಿದವರಿಗೆ ಸ್ಫಟಿಕದ ಗೋಳವನ್ನು ಕೊಡುತ್ತಾರೆ. ಅದು ನಾಟಕವಲ್ಲ, ಮಹಾಕಾವ್ಯ. ನ್ಯಾಯ ಅಲ್ಲಿ ಹೆಚ್ಚು, ಎದೆಬಡಿತ ಕಡಮೆ.

ಹಾಗಾದರೆ ಮಾಡತಕ್ಕುದೇನು? ಆಟಗಾರರ ದೇಹ ಎಷ್ಟೆಂದು ತಾಳೀತು, ಪ್ರಸಾರದವರ ಗಡಿಯಾರ ಎಷ್ಟೆಂದು ಕಾದೀತು ಎಂಬ ಆಕ್ಷೇಪ ನ್ಯಾಯವಾದುದೇ. ಆದರೆ ಕಪ್ಪಿನ ಮೇಲೆ ಎರಡು ಹೆಸರುಗಳನ್ನು ಕೆತ್ತಬಾರದೆಂದು ಯಾವ ಶಾಸ್ತ್ರ ಹೇಳಿದೆ? ೨೦೦೨ರಲ್ಲಿ ಕೊಲಂಬೊವಿನಲ್ಲಿ ಚಾಂಪಿಯನ್ಸ್ ಟ್ರೋಫಿಯ ಅಂತಿಮ ಪಂದ್ಯವು ಎರಡು ದಿನವೂ ಮಳೆಯಲ್ಲಿ ಕೊಚ್ಚಿಹೋದಾಗ ಭಾರತವೂ ಶ್ರೀಲಂಕೆಯೂ ಅದನ್ನು ಹಂಚಿಕೊಂಡವು. ಆಕಾಶವೇನೂ ಕಳಚಿ ಬೀಳಲಿಲ್ಲ. ಮಳೆಯ ಮುಂದೆ ಸಮಾನರಾಗಬಹುದಾದವರು, ನೂರು ಓವರುಗಳನ್ನೂ ಮೇಲೆರಡನ್ನೂ ಆಡಿ ಸಮಾನರೆಂದು ತೋರಿಸಿಕೊಟ್ಟ ಮೇಲೆ, ಏಕೆ ಸಮಾನರಾಗಿ ಉಳಿಯಬಾರದು? ಆಟದಿಂದ ನಿರ್ಣಯವಾಗುವುದಾದರೆ ಆಡಿಸಲಿ, ಆಗದಿದ್ದರೆ ಹಂಚಲಿ, ಎಣಿಕೆಯ ಕೈಚಳಕದಿಂದ ಒಬ್ಬನನ್ನು ವೀರನೆಂದೂ ಇನ್ನೊಬ್ಬನನ್ನು ಪರಾಜಿತನೆಂದೂ ಸಾರುವುದು ಬೇಡ.

ಈ ಮಾತು ಮೈದಾನಕ್ಕೆ ಮಾತ್ರ ಸಂಬಂಧಪಟ್ಟುದಲ್ಲ. ನಮ್ಮ ಮನೆಗಳ ಮಕ್ಕಳು ಗೆಲುವೆಂದರೇನೆಂಬ ಪಾಠವನ್ನು ಈಗ ಪುರಾಣಗಳಿಂದ ಕಲಿಯುವುದಕ್ಕಿಂತ ಹೆಚ್ಚಾಗಿ ಈ ಪಂದ್ಯಗಳಿಂದ ಕಲಿಯುತ್ತಿದ್ದಾರೆ. ಒಬ್ಬನು ಗೆಲ್ಲಲೇಬೇಕು, ಹೇಗಾದರೂ ಗೆಲ್ಲಿಸಲೇಬೇಕು ಎಂಬುದು ಒಂದು ಪಾಠ. ಇಬ್ಬರು ಸಮಾನರಾಗಿರಬಹುದು, ಹಾಗಿರುವುದು ಇಬ್ಬರಿಗೂ ಕೀರ್ತಿ ಎಂಬುದು ಇನ್ನೊಂದು. ಮನೆಯ ಹಿರಿಯರು ಮಕ್ಕಳ ಪಕ್ಕದಲ್ಲಿ ಕುಳಿತು ಪಂದ್ಯವನ್ನು ನೋಡುವಾಗ, ಗೆದ್ದವರು ಯಾರೆಂಬುದರ ಜೊತೆಗೆ ಹೇಗೆ ಗೆದ್ದರೆಂಬುದನ್ನೂ ಅವರೊಡನೆ ವಿಚಾರಮಾಡಿದರೆ ಸಹೃದಯತೆಯ ಶಿಕ್ಷಣಕ್ಕೆ ಅದಕ್ಕಿಂತ ಬೇರೆ ಪಾಠಶಾಲೆ ಬೇಕಾಗಲಾರದು.