ಅಪ್ಪನ ಫೋನು ಯಾವ ಭಾಷೇಲಿರಬೇಕು?

ಬೆಂಗಳೂರಲ್ಲಿ ಕೂತು, ಅರಕಲಗೂಡು ತಾಲ್ಲೂಕಿನ ಹಳ್ಳಿಯಲ್ಲಿರೋ ಅಪ್ಪನಿಗೆ ಫೋನಲ್ಲೇ ಫೋನು ಹೇಳಿಕೊಡೋ ಕಷ್ಟ ಅನುಭವಿಸಿದವರಿಗೇ ಗೊತ್ತು.

"ಮೇಲ್ಗಡೆ ಬಲಕ್ಕೆ ಮೂರು ಚುಕ್ಕಿ ಕಾಣ್ತವಾ ಅಪ್ಪಾ?"

"ಎಲ್ಲವ್ಲಾ ಚುಕ್ಕಿ?"

"ಒಂದರ ಕೆಳಗೊಂದು ಇರ್ತವೆ ನೋಡು."

"ಹೂಂ, ಅವೆ."

"ಒತ್ತು. ಸೆಟ್ಟಿಂಗ್ಸ್ ಅಂತ ಇಂಗ್ಲಿಷಲ್ಲಿ ಬರುತ್ತೆ. ಮೊದಲನೇ ಅಕ್ಷರ ಹಾವಿನ ಥರ ಸೊಟ್ಟಗಿರುತ್ತೆ."

ಅಪ್ಪ ಏಳನೇ ಕ್ಲಾಸು ಓದಿದವರು. ಪಹಣಿ, ಸೊಸೈಟಿ ಸಾಲದ ನೋಟೀಸು, ಪೇಪರಿನ ಕೊನೇ ಪುಟ, ಎಲ್ಲ ಕನ್ನಡದಲ್ಲಿ ಸರಾಗವಾಗಿ ಓದ್ತಾರೆ. ಅಂಥವರು ಹಾವು ಹುಡುಕ್ತಾ ಕೂರ್ತಾರೆ.

ಅವರ ಫೋನು ಇಂಗ್ಲಿಷಲ್ಲಿದೆ ಅಂತ ಫೋನ್ ಕಂಪನಿಯನ್ನು ಬೈಯೋ ಹಾಗಿಲ್ಲ. ಹೊಸ ಫೋನು ಆನ್ ಮಾಡಿದ ದಿನ ಅದು ಮೊದಲು ಕೇಳಿದ್ದೇ ಭಾಷೆ. ಪಟ್ಟಿಯಲ್ಲಿ ಕನ್ನಡ ಇತ್ತು. ಅದನ್ನು ದಾಟಿಸಿ ಇಂಗ್ಲಿಷ್ ಒತ್ತಿದವನು ನಾನು. ನಾಳೆ ಏನಾದ್ರೂ ತೊಂದರೆಯಾದ್ರೆ ಹೇಳಿಕೊಡೋಕೆ ನನಗೆ ಸುಲಭ ಆಗಲಿ ಅಂತ. ನವೆಂಬರ್ ಒಂದಕ್ಕೆ ಸ್ಟೇಟಸ್ಸಿಗೆ ಬಾವುಟ ಹಾಕೋ ನನ್ನಂಥ ಇಂಜಿನಿಯರುಗಳ ಅಪ್ಪ ಅಮ್ಮಂದಿರ ಫೋನು ಒಮ್ಮೆ ತೆಗೆದು ನೋಡಿ. ಬಹಳಷ್ಟು ಕಡೆ ಇದೇ ಕತೆ.

ಹಾಗಂತ ತಪ್ಪೆಲ್ಲ ಮಕ್ಕಳದ್ದೇ ಅಂತಲೂ ಹೇಳಲ್ಲ. ಒಂದು ಸಲ ಆರಿಸಿದ ಭಾಷೆಯಿಂದ ಇನ್ನೊಂದಕ್ಕೆ ಹೋಗಿ ಬರೋದು ಲೈಟ್ ಸ್ವಿಚ್ ಹಾಕಿ ತೆಗೆದಷ್ಟು ಸುಲಭ ಇದ್ದಿದ್ರೆ ನಾನು ಅವತ್ತು ಅಷ್ಟು ಯೋಚನೆ ಮಾಡ್ತಿರಲಿಲ್ಲ. ನಾವು ಬರೆಯೋ ಸಾಫ್ಟ್‌ವೇರಿನಲ್ಲಿ ಭಾಷೆ ಬದಲಿಸೋದು ಮನೆ ಬದಲಿಸಿದ ಹಾಗೆ.

ಚನ್ನರಾಯಪಟ್ಟಣಕ್ಕೆ ಹೋದಾಗ ಯಾವುದಾದ್ರೂ ಎಟಿಎಂ ನೋಡಿ. ಬಹುತೇಕ ಯಂತ್ರಗಳಲ್ಲಿ ಕಾರ್ಡು ಹಾಕ್ತಿದ್ದ ಹಾಗೇ ಕನ್ನಡ, ಹಿಂದಿ, ಇಂಗ್ಲಿಷು ಮೂರೂ ಎದುರಿಗೆ ಬರ್ತವೆ, ಅವವುಗಳ ಲಿಪಿಯಲ್ಲೇ. ಇವತ್ತು ಕನ್ನಡ ಒತ್ತಿ, ತಲೆಕೆಟ್ಟರೆ ಕ್ಯಾನ್ಸಲ್ ಮಾಡಿ, ಇನ್ನೊಂದ್ಸಲ ಇಂಗ್ಲಿಷ್ ಒತ್ತಿ. ನಿನ್ನೆ ಯಾಕೆ ಬೇರೆ ಒತ್ತಿದ್ದೆ ಅಂತ ಅದು ಕೇಳಲ್ಲ. 'ನಗದು ಹಿಂಪಡೆಯುವಿಕೆ' ಥರದ ಅದರ ಕನ್ನಡ ನಮ್ಮೂರಲ್ಲಿ ಯಾರ ಬಾಯಲ್ಲೂ ಕೇಳಿದ್ದಲ್ಲ, ನಾವು ದುಡ್ಡು ಡ್ರಾ ಮಾಡೋರು. ಆದ್ರೂ ಭಾಷೆ ಕೇಳೋ ಕ್ರಮದಲ್ಲಿ ಆ ಹಳೇ ಡಬ್ಬ ನಮ್ಮ ಆಪ್‌ಗಳಿಗಿಂತ ಎಷ್ಟೋ ಮುಂದಿದೆ.

ಆಪ್‌ನಲ್ಲಿ ಏನಾಗುತ್ತೆ? ಮೊದಲು ಪ್ರೊಫೈಲ್, ಅಲ್ಲಿಂದ ಸೆಟ್ಟಿಂಗ್ಸ್, ಅಲ್ಲಿಂದ ಪ್ರಿಫರೆನ್ಸಸ್, ಆಮೇಲೆ ಲ್ಯಾಂಗ್ವೇಜ್. ನಾಲ್ಕೂ ಬಾಗಿಲ ಮೇಲೆ ಬರೆದಿರೋದು ಇಂಗ್ಲಿಷಲ್ಲಿ. ಕೆಲವರು ಒಳಗಿನ ಪಟ್ಟಿಯಲ್ಲೂ 'ಕನ್ನಡ' ಅನ್ನೋದನ್ನ ಇಂಗ್ಲಿಷ್ ಅಕ್ಷರದಲ್ಲೇ ಬರೆದಿರ್ತಾರೆ. ಕನ್ನಡಕ್ಕೆ ಬರಬೇಕಾದ್ರೆ ಇಂಗ್ಲಿಷ್ ಓದೋಕೆ ಬರಬೇಕು! ವಾಪಸ್ ಹೋಗೋ ದಾರಿಯೂ ಇಷ್ಟೇ ಚೆನ್ನಾಗಿದೆ. ಹೊಳೆನರಸೀಪುರದ ನಮ್ಮ ಭಾವ ಒಂದ್ಸಲ ಧೈರ್ಯ ಮಾಡಿ ಫೋನನ್ನ ಕನ್ನಡಕ್ಕೆ ಹಾಕಿಕೊಂಡ್ರು. ಎರಡು ದಿನಕ್ಕೆ ಏನೋ ಒಂದು ಸಿಗಲಿಲ್ಲ, ಇಂಗ್ಲಿಷಿಗೆ ಮರಳೋ ದಾರಿಯೂ ಸಿಗಲಿಲ್ಲ. ಮೊಬೈಲ್ ಅಂಗಡಿ ಹುಡುಗನ ಕೈಗೆ ಕೊಟ್ಟು ಸರಿಮಾಡಿಸಿಕೊಂಡು ಬಂದ್ರು. ಆಮೇಲೆ ಕನ್ನಡದ ತಂಟೆಗೆ ಹೋಗಿಲ್ಲ.

ಇನ್ನೊಂದು ಕಾಟ ನಮ್ಮ ಕಸುಬಿನವರಿಗೆ ಚೆನ್ನಾಗಿ ಗೊತ್ತಿರೋದು. ಆಂಡ್ರಾಯ್ಡಿನಲ್ಲಿ ಭಾಷೆ ಬದಲಾದ ತಕ್ಷಣ ಎದುರಿಗಿರೋ ಪರದೆಯನ್ನ ಸಿಸ್ಟಂ ಸಾಮಾನ್ಯವಾಗಿ ಕೆಡವಿ ಮತ್ತೆ ಕಟ್ಟುತ್ತೆ. ತುಂಬಿದ್ದನ್ನ ಉಳಿಸಿಟ್ಟು ಮತ್ತೆ ಹಾಕೋ ಕೆಲಸ ಕೋಡ್ ಬರೆಯೋರದ್ದು. ಅವರು ಅದನ್ನ ಮಾಡದಿದ್ರೆ ಸರ್ವೆ ನಂಬರು, ಖಾತೆ ನಂಬರು ಅಂತ ಹತ್ತು ಖಾನೆ ತುಂಬಿದ ರೈತ, ಹನ್ನೊಂದನೇದು ಅರ್ಥವಾಗದೆ ಭಾಷೆ ಬದಲಿಸಿದ್ರೆ, ಹತ್ತೂ ಖಾಲಿ. ಪರದೆಯೆಲ್ಲ ಕನ್ನಡವಾದ ಮೇಲೂ ಸರ್ವರಿನಿಂದ ಬರೋ ತಪ್ಪಿನ ಸಂದೇಶ ಮಾತ್ರ ಇಂಗ್ಲಿಷಲ್ಲೇ ಬರೋದು ಇನ್ನೊಂದು ಚೆಂದ. 'ಸುಸ್ವಾಗತ' ಅನ್ನೋದನ್ನ ಯಾವ ಭಾಷೇಲಿ ಹೇಳಿದ್ರೂ ನಡೆಯುತ್ತೆ. ದುಡ್ಡು ಕಟ್ಟಾಗಿ ಪಾವತಿ ನಿಂತಿದೆ ಅನ್ನೋದು ಅಪ್ಪನಿಗೆ ಕನ್ನಡದಲ್ಲೇ ಗೊತ್ತಾಗಬೇಕು.

ವ್ಯಾಕರಣದ ಕತೆಯೂ ಸ್ವಲ್ಪ ಹೇಳಬೇಕು. ಹಾಸನಕ್ಕೆ, ಅರಕಲಗೂಡಿಗೆ, ಚನ್ನರಾಯಪಟ್ಟಣಕ್ಕೆ ಹೋಗ್ತೀವಿ ನಾವು. ಇಂಗ್ಲಿಷಿನಲ್ಲಿ ಊರಿನ ಹೆಸರಿನ ಹಿಂದೆ ಒಂದು ಪದ ಇಟ್ಟರೆ ಮುಗೀತು. ಅದೇ ಅಚ್ಚಿಗೆ ಕನ್ನಡ ಸುರಿದವರು 'ಹಾಸನ ಗೆ', 'ಅರಕಲಗೂಡು ಗೆ' ಅಂತ ಬರೀತಾರೆ, ನಡುವೆ ಒಂದು ಜಾಗವನ್ನೂ ಬಿಟ್ಟು. ವಿಭಕ್ತಿ ಪ್ರತ್ಯಯ ಕಲಿಸಿದ ಮೇಷ್ಟ್ರು ನೋಡಿದ್ರೆ ಕಿವಿ ಹಿಂಡ್ತಿದ್ರು. 'ಹೋಗಬೇಕಾದ ಊರು: ಹಾಸನ' ಅಂತ ಬರೆದಿದ್ರೆ ತಂಟೆಯೇ ಇರಲಿಲ್ಲ. ಅದನ್ನ ಹೇಳೋಕೆ ಅನುವಾದ ಮಾಡೋರಿಗೆ ಪರದೆ ತೋರಿಸಬೇಕಲ್ಲ! ಅವರ ಕೈಗೆ ಸಿಗೋದು ಎಷ್ಟೋ ಸಲ ಹಿಂದು ಮುಂದಿಲ್ಲದ ಪದಗಳ ಒಂದು ಎಕ್ಸೆಲ್ ಶೀಟು.

ಕನ್ನಡ ಹೀಗಿರೋದ್ರಿಂದಲೇ ಜನ ಇಂಗ್ಲಿಷ್ ಇಟ್ಕೋತಾರೆ ಅನ್ನೋ ವಾದ ಇದೆ. ಅರ್ಧ ಒಪ್ತೀನಿ. ಡೇರಿಗೆ ಹಾಲು ಹಾಕೋ ನಮ್ಮಮ್ಮನಿಗೆ ಫ್ಯಾಟು, ಎಸ್‌ಎನ್‌ಎಫ್ ಗೊತ್ತು, 'ಕೊಬ್ಬಿನಾಂಶ' ಬೇಕಿಲ್ಲ. ಜಮಾ, ಬಾಕಿ, ಕಂತು ಇವಕ್ಕೆ ಇಂಗ್ಲಿಷ್ ಬೇಕಿಲ್ಲ. ಯಾವ ಪದ ಹೇಗಿರಬೇಕು ಅಂತ ಬೆಂಗಳೂರಿನ ಕೋಣೆಯಲ್ಲಿ ಕೂತು ಪೂರ್ತಿ ಊಹಿಸೋಕಾಗಲ್ಲ. ಅದಕ್ಕೇ ಬದಲಿಸೋದು ಸುಲಭ ಇರಬೇಕು ಅನ್ನೋದು. ಒಂದು ಪದ ತಿಳೀಲಿಲ್ಲ, ಒತ್ತಿದೆ, ಅದೇ ಪುಟ ಇಂಗ್ಲಿಷಲ್ಲಿ ಬಂತು, ನೋಡಿಕೊಂಡೆ, ವಾಪಸ್ ಬಂದೆ. ಹೀಗೆ ಹೋಗಿ ಬರೋಕಾದ್ರೆ ಕೆಟ್ಟ ಅನುವಾದವೂ ಅಷ್ಟು ಕಾಡಲ್ಲ. ನಾಲ್ಕು ಸಲ ಓಡಾಡಿದ್ರೆ ಇಂಗ್ಲಿಷ್ ಪದವೂ ಕಲಿತ ಹಾಗಾಯ್ತು.

ತಂತ್ರಜ್ಞಾನ ಇಲ್ಲ ಅನ್ನೋ ಹಾಗೂ ಇಲ್ಲ. 2016ರ ಆಂಡ್ರಾಯ್ಡ್ 7ರಿಂದಲೇ ಕನ್ನಡ ಮೊದಲು, ಇಂಗ್ಲಿಷ್ ಎರಡನೇದು ಅಂತ ಸಾಲಾಗಿ ಭಾಷೆ ಇಡಬಹುದು. 2022ರ ಆಂಡ್ರಾಯ್ಡ್ 13ರಲ್ಲಿ ಒಂದೊಂದು ಆಪ್‌ಗೂ ಬೇರೆ ಬೇರೆ ಭಾಷೆ ಇಡೋ ಸೌಲಭ್ಯ ಬಂತು. ಅದಕ್ಕೆ ಆಪ್ ಮಾಡಿದವರು ತಮ್ಮಲ್ಲಿರೋ ಭಾಷೆಗಳ ಪುಟ್ಟ ಪಟ್ಟಿಯೊಂದನ್ನ ಕೊಡಬೇಕು, ಕೊಡದೇ ಇರೋರು ಬೇಕಾದಷ್ಟು ಜನ. ಐಫೋನಿನಲ್ಲಿ ಆಪ್‌ಗೊಂದು ಭಾಷೆ 2019ರಲ್ಲೇ ಬಂತು, ಆದ್ರೆ ಇಡೀ ಫೋನು ಕನ್ನಡದಲ್ಲಿ ಕಾಣೋಕೆ 2025ರವರೆಗೆ ಕಾಯಬೇಕಾಯ್ತು. ವಿಂಡೋಸ್ ಲ್ಯಾಪ್‌ಟಾಪ್ ಇರೋರು ಸಿಸ್ಟಂ ಮಾಹಿತಿಯ ಪುಟ ತೆಗೆದು ನೋಡಿ. 'ಹೋಮ್ ಸಿಂಗಲ್ ಲ್ಯಾಂಗ್ವೇಜ್' ಅಂತ ಇರೋ ಸಾಧ್ಯತೆ ಇದೆ. ವಿಂಡೋಸ್ 8ರ ಜೊತೆ ಬಂದ ಆವೃತ್ತಿ ಅದು, ಹೆಸರೇ ಹೇಳೋ ಹಾಗೆ ಒಂದೇ ಭಾಷೆಗೆ ಲೈಸೆನ್ಸು. ಸಂವಿಧಾನದ ಎಂಟನೇ ಪರಿಚ್ಛೇದದಲ್ಲೇ 22 ಭಾಷೆ ಇರೋ ದೇಶದ ಅಂಗಡಿಗಳಲ್ಲಿ ಇದನ್ನ ಮಾರ್ತಾರೆ, ನಾವೂ ಡಿಸ್ಕೌಂಟ್ ಕೇಳಿ ಕೊಂಡುಕೊಳ್ತೀವಿ.

ಇನ್ನು ನನ್ನ ಕಡೆಯ ತಪ್ಪು. ಕೆಲವು ವರ್ಷದ ಹಿಂದೆ ಒಂದು ಆಪ್‌ನ ಮೊದಲ ಪುಟದಲ್ಲೇ ಭಾಷೆಯ ಗುಂಡಿ ಇಡಬೇಕಾ ಅನ್ನೋ ಚರ್ಚೆ ಬಂತು. ಸೆಟ್ಟಿಂಗ್ಸ್‌ನ ಆಳದಲ್ಲಿ ಆಗಲೇ ಇತ್ತು, ಕನ್ನಡ ಆರಿಸಿದವರು ತೀರಾ ಕಡಿಮೆ. 'ಯೂಸೇಜ್ ಇಲ್ಲ, ಮುಂದಿನ ರಿಲೀಸಿಗೆ ನೋಡೋಣ' ಅಂದವನು ನಾನೇ. ಮುಂದಿನ ರಿಲೀಸಿನಲ್ಲಿ ಯಾರೂ ನೋಡಲಿಲ್ಲ. ನಾಲ್ಕು ಇಂಗ್ಲಿಷ್ ಬಾಗಿಲು ದಾಟಿ ಬಂದವರನ್ನ ಎಣಿಸಿ, ಕನ್ನಡ ಕೇಳೋರೇ ಇಲ್ಲ ಅಂತ ಲೆಕ್ಕ ಹಾಕಿದ್ದೆ. ಅಪ್ಪ ಆ ಲೆಕ್ಕದಲ್ಲಿ ಇಂಗ್ಲಿಷ್ ಬಳಕೆದಾರ.

ಹೋದ ಗೌರಿ ಹಬ್ಬಕ್ಕೆ ಊರಿಗೆ ಹೋದಾಗ ಅಪ್ಪನ ಫೋನನ್ನ ಕನ್ನಡಕ್ಕೆ ಹಾಕಿ, ಇಂಗ್ಲಿಷನ್ನ ಎರಡನೇ ಸಾಲಿಗಿಟ್ಟು ಬಂದೆ. ಹೋಗಿ ಬರೋ ದಾರಿಯನ್ನ ಮೂರು ಸಲ ಮಾಡಿಸಿದೆ. ಮುಂದಿನ ವಾರವೇ ಫೋನ್ ಬಂತು. "ಅದೇನೋ 'ಅನುಮತಿಸಿ', 'ಅನುಮತಿಸಬೇಡಿ' ಅಂತ ಕೇಳ್ತದೆ. ಯಾರಿಗ್ಲಾ ಅನುಮತಿ ಕೊಡಬೇಕು?" ಇಷ್ಟು ದಿನ ಅದೇ ಪ್ರಶ್ನೆ ಇಂಗ್ಲಿಷಲ್ಲಿ ಬರ್ತಿತ್ತು, ಅವರು ಕೇಳದೇ ಒತ್ತಿಬಿಡ್ತಿದ್ರು. ಟಾರ್ಚಿನ ಆಪೊಂದು ಅವರ ಕಾಂಟ್ಯಾಕ್ಟ್ಸ್ ಕೇಳ್ತಿತ್ತು. ಬೇಡ ಅಂದೆ. "ಹಂಗಾರೆ ಹಿಂದೆ ಒತ್ತಿದ್ದೆಲ್ಲಾ?" ಅಂದ್ರು. ಅವರ ಪರದೆ ಮೇಲೆ ಏನೇನು ಬರೆದಿರುತ್ತೆ ಅಂತ ಹೇಳೋಕೆ ನನಗೆ ಗೊತ್ತಿರಲಿಲ್ಲ. ಲೈನಲ್ಲಿರಪ್ಪಾ ಅಂತ ಹೇಳಿ, ನನ್ನ ಫೋನನ್ನ ಕನ್ನಡಕ್ಕೆ ಬದಲಿಸೋಕೆ ಶುರು ಮಾಡಿದೆ.